ತೊಂಬತ್ತರ ವೇಗದಲ್ಲಿ ಒಂದು ಊಳು

ತೈತುಂಗ್ ಊರಿನ ಹಿಂಬೀದಿಯಲ್ಲಿ ಚಿನ್‌ಷುಯಿಗೆ ಬೈಕ್ ರಿಪೇರಿ ಅಂಗಡಿಯಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆಯೆಂದು ಹೇಳಿಬಿಡುತ್ತಿದ್ದ. ಆ ಕಿವಿಯೇ ಕೈಕೊಟ್ಟಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಡತಿಯ ಗೊಣಗಾಟ, ಕೊನೆಗೆ ಎಂಜಿನ್ನು. ಅಂಗಡಿಯ ಶಟರ್ ಎಳೆದ. ಈಗ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾನೆ.

ಮಗಳು ಪೇಯಿಂಗ್ ಹೊಸ ಬೈಕ್ ಕೊಂಡಳು. ಕಡಲ ಪಕ್ಕದ ಹೆದ್ದಾರಿಯಲ್ಲಿ ತೊಂಬತ್ತು ಮುಟ್ಟಿದರೆ ಸಾಕು, ಎಲ್ಲಿಂದಲೋ ಸಣ್ಣಗೆ ಊಳು. ಶೋರೂಮಿನವರು "ಹೊಸದಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದರು. ಮನೆಯಲ್ಲಿ ಹಾಲು ಕುಡಿಯುವ ಕೂಸು. ಅನುಮಾನದ ಗಾಡಿಯ ಮೇಲೆ ದಿನಾ ಕೆಲಸಕ್ಕೆ ಹೋಗುವುದು ಹೇಗೆ?

"ಅಪ್ಪ, ನೀನೇ ನೋಡ್ಬೇಕು."

"ಕಿವುಡನ ಹತ್ರ ಹಾಡು ಹೇಗಿದೆ ಅಂತ ಕೇಳ್ತೀಯಲ್ಲೇ."

"ಕಿವಿ ನಂದು ತಗೋ. ಉಳಿದದ್ದು ನಿಂದು."

ಅವನು ತೆಳು ಅಟ್ಟೆಯ ಬಟ್ಟೆ ಬೂಟು ಹಾಕಿಕೊಂಡು ಹಿಂದೆ ಹತ್ತಿದ. "ತೊಂಬತ್ತಕ್ಕೆ ಹೋದ್ಮೇಲೆ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿ. ಎಂಜಿನ್ ವೇಗ ಇಳಿಯುತ್ತೆ, ಗಾಡಿ ಓಡ್ತಿರುತ್ತೆ. ಊಳೂ ನಿಂತ್ರೆ ಎಂಜಿನ್ನಿಂದು. ನಿಲ್ಲದಿದ್ರೆ ತಲೆ ಅಲ್ಲಾಡ್ಸು."

ನೇರ ರಸ್ತೆ ಸಿಕ್ಕಿತು. ಅವಳು ಕ್ಲಚ್ ಹಿಡಿದಳು. ತನ್ನ ಅಂಗಾಲಿಗೆ ತಾಗುತ್ತಿದ್ದ ಎಂಜಿನ್ನಿನ ನಡುಕ ಇಳಿದದ್ದೇ ಅಪ್ಪ ಅವಳ ಬೆನ್ನು ತಟ್ಟಿದ. ಊಳು ಹಾಗೇ ಇತ್ತು, ತಲೆ ಅಲ್ಲಾಡಿಸಿದಳು. ಮತ್ತೆ ವೇಗ ಹಿಡಿದಾಗ ಅವನು ಅವಳ ಕುತ್ತಿಗೆಯನ್ನು ಮೆಲ್ಲಗೆ ಕೆಳಗೊತ್ತಿದ, ಚಿಕ್ಕಂದಿನಲ್ಲಿ ತಲೆಗೆ ನೀರು ಹಾಕುವಾಗ ಒತ್ತುತ್ತಿದ್ದ ಹಾಗೆ. ಅವಳು ಮುಂದಿನ ಗಾಜಿನ ಮರೆಗೆ ಬಗ್ಗಿದಳು. ಊಳು ಮಾಯ. ತಲೆಯೆತ್ತಿದರೆ ಮತ್ತೆ ಹಾಜರು.

ರಸ್ತೆಯಂಚಿಗೆ ನಿಲ್ಲಿಸಿ ಅಪ್ಪನಿಗೆ ಅದನ್ನು ಹೇಳಿದಳು. "ಗಾಳಿ ಕಣೆ," ಎಂದ. "ಗಾಜು ಗಿಡ್ಡ, ಗಾಳಿ ಸೀದಾ ಹೆಲ್ಮೆಟ್ಟಿಗೆ ಬಡೀತಿದೆ. ಎಂಜಿನ್ ಬೆಣ್ಣೆ ಇದ್ದಂಗಿದೆ. ಧೈರ್ಯವಾಗಿ ಓಡ್ಸು."

ಅವಳ ಎದೆಯ ಭಾರ ಇಳಿಯಿತು. ಗಾಡಿ ತಿರುಗಿಸಿದಳು. ಅಪ್ಪ ಹತ್ತಲಿಲ್ಲ.

"ಬಗ್ಗಿದಾಗ ಬರೀ ಎಂಜಿನ್ ಕೇಳಿಸ್ತಲ್ಲ. ಹೇಗಿತ್ತು?"

"ಚೆನ್ನಾಗಿತ್ತಪ್ಪ."

"ನಿಮ್ಮಮ್ಮನ ಅಡುಗೆಗೂ ನೀನು ಅದನ್ನೇ ಹೇಳೋದು."

"ಅನ್ನ ಬೇಯುವಾಗ ಮುಚ್ಚಳ ಕುಣಿಯುತ್ತಲ್ಲ, ಹಂಗೆ."

"ಅದು ನಿಂತ ಗಾಡಿ ಸದ್ದು. ತೊಂಬತ್ತರಲ್ಲಿ?"

ಅವನು ಅವಳ ತುಟಿಯನ್ನೇ ನೋಡುತ್ತ ಕಾದ. ಆಮೇಲೆ "ಇರ್ಲಿ ಬಿಡು" ಎಂದು ಹತ್ತಿ ಕೂತ.

ಆ "ಇರ್ಲಿ ಬಿಡು" ಅವಳನ್ನು ಕೊರೆಯಿತು. ನೇರ ದಾರಿ ಬಂದಾಗಲೆಲ್ಲ ಬಗ್ಗಿ ಕಿವಿಗೊಟ್ಟಳು. ಮನೆ ಮುಂದೆ ಅವನು ಇಳಿದು ಒಳಗೆ ಹೊರಟಿದ್ದ. ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಕೂಸು ಹಾಲು ಕುಡಿದು ಎದೆ ಮೇಲೇ ನಿದ್ದೆ ಹೋಗುತ್ತಲ್ಲಪ್ಪ. ಆಗ ಗಂಟಲೊಳಗೆ ಒಂದೇ ಸಮನೆ ಗುರ್ ಅನ್ನುತ್ತೆ. ಕೇಳಿಸೋದಕ್ಕಿಂತ ಎದೆಗೆ ತಾಗೋದೇ ಜಾಸ್ತಿ. ಹಂಗಿತ್ತು."

ಅಪ್ಪ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡ.

"ನೀನೂ ಹಾಗೇ ಮಲಗ್ತಿದ್ದೆ," ಎಂದ. "ಇನ್ನೊಂದ್ಸಲ ಹೇಳು."