ಪಲ್ಲಕ್ಕಿಯ ಕೊನೆಯ ಆಳು

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮುನಿಯಲ್ಲಪ್ಪನವರು ಚಿತ್ರಕಥೆ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಹೈಸ್ಕೂಲು ಮಕ್ಕಳು ಏನು ಓದಬೇಕೆಂದು ಹೇಳುತ್ತಿದ್ದವರೂ ಅವರೇ. ಹೇಳುತ್ತಿದ್ದದ್ದು ಮಾತ್ರ ಬೈದುಕೊಂಡೇ. ವಂಶದ ಬಗ್ಗೆ ಕೊಚ್ಚಿಕೊಳ್ಳುವ ಅಪ್ಪಂದಿರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಕೋದಂಡರಾಮಪ್ಪ ಮಗಳು ಶಾಮಲಳನ್ನು ಕರೆತಂದ. ಮಾವಿನ ಮಂಡಿಯಲ್ಲಿ ಬೇರೆಯವರು ಬುಟ್ಟಿ ಎತ್ತುವಾಗ ಬರೀ ಕೈ ತಾಗಿಸಿಕೊಂಡು ತಿಣುಕುವ ಆಸಾಮಿ ಅವನು.

"ನಮ್ದು ರಾಜರ ವಂಶ. ನಮ್ಮೋರು ಯಾರು ಅಂತ ಇವಳಿಗೆ ಗೊತ್ತಾಗೋ ಪುಸ್ತಕ ಕೊಡಿ" ಎಂದ.

ಮುನಿಯಲ್ಲಪ್ಪನವರು ಒಬ್ಬ ರಾಜನ ಕಥೆ ತೆಗೆದು, ಮೆರವಣಿಗೆಯ ಪುಟ ಬಿಡಿಸಿ ಹುಡುಗಿಗೆ ತೋರಿಸಿದರು.

"ಚೂಡಮ್ಮಾ, ನೋಡಿಲ್ಲಿ, ಒಳಗೆ ಕೂತಿರೋನು ರಾಜ, ಅವನನ್ನ ಬಿಟ್ಟಾಕು. ಪಲ್ಲಕ್ಕಿ ಹೊತ್ತಿದಾರಲ್ಲ, ನಮ್ಮೋರು ಇವ್ರೇ. ನಿಮ್ಮ ತಾತನೂ ಇದ್ರಲ್ಲೇ ಇರ್ತಾನೆ, ಹುಡುಕ್ಕೋ."

ಕೋದಂಡರಾಮಪ್ಪ ಮುಖ ಗಂಟಿಕ್ಕಿಕೊಂಡು ಹೊರಟ. ಶಾಮಲ ಪುಸ್ತಕ ಬಿಡಲಿಲ್ಲ.

ಮರುವಾರ ಒಬ್ಬಳೇ ಬಂದು, ಅದೇ ಪುಟ ತೆರೆದು, ಪಲ್ಲಕ್ಕಿಯ ಕೊನೆಯ ಆಳಿನ ಮೇಲೆ ಬೆರಳಿಟ್ಟಳು.

"ತಾತ ಸಿಕ್ಕಿದ್ರು. ಇವರೊಬ್ಬರ ಹೆಗಲು ಮಾತ್ರ ಪಲ್ಲಕ್ಕಿಗೆ ತಾಗೇ ಇಲ್ಲ, ಬರೀ ಕೈ ಇಟ್ಕೊಂಡು ತಿಣುಕ್ತಾವ್ರೆ. ನಮ್ಮೋರೇ, ಅನುಮಾನ ಇಲ್ಲ."