ಎದುರುಮನೆಯಾಕೆಯ ನಂಬರು

ಮೊನ್ನೆ ವ್ಯವಹಾರದ ಮಾತಿಗೆಂದು ಇಂದಿರಾನಗರದಲ್ಲಿ ಹೊಸದಾಗಿ ತೆರೆದ ಹೋಟೆಲೊಂದಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟೊಡನೆ ಸೇಬನ್ನು ಬೆಣ್ಣೆ, ಚಕ್ಕೆ ಹಾಕಿ ಬೇಯಿಸಿದ ವಾಸನೆ. ಕೆಂಪು ರೆಕ್ಸಿನ್ ಸೀಟು, ಕಪ್ಪು ಬಿಳುಪು ಚೌಕದ ನೆಲ, ಗೋಡೆಯ ತುಂಬ ಉದ್ದುದ್ದ ಕಾರುಗಳ ಚಿತ್ರ. ಹಳೆಯ ಅಮೆರಿಕವನ್ನು ಗೋಡೆಗೆ ಅಂಟಿಸಿದ್ದಕ್ಕೇ ಅರ್ಧ ಬಿಲ್ಲು ಹಾಕುತ್ತಾರೆ. ಅಂಥ ಕಡೆ ಹೋದರೆ ಮೊದಲು ಮೆನುವಿನ ಬಲಗಡೆಯ ರೇಟು ಓದಿ, ಆಮೇಲೆ ಎಡಗಡೆ. ನನಗೆ ಅವತ್ತು ಅದೂ ತೋಚಲಿಲ್ಲ. ಎದುರು ಕೂತವರು ಏನೋ ಹೇಳುತ್ತಿದ್ದರು, ನಾನು ಎದ್ದು ಬಾಗಿಲವರೆಗೆ ಹೋಗಿ ಬಂದೆ, ಮತ್ತೆ ಎದ್ದೆ. ಅದು ನಮ್ಮ ಮಿಸ್ಸಿನ ಡಬ್ಬಿಯ ವಾಸನೆ...

ಕಾಲ್ ಸೆಂಟರುಗಳು ಊರಿಗೆ ಬಂದ ಹೊಸತು. ಹಲಸೂರಿನಲ್ಲಿ ಪೇಂಟ್ ಅಂಗಡಿಯೊಂದರ ಮಹಡಿ ಬಾಡಿಗೆಗೆ ಹಿಡಿದು, ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡಲು ಕಲಿಸುವ ಕ್ಲಾಸು ಇಟ್ಟಿದ್ದೆ. ಅದಕ್ಕೆ ಮುಂಚೆ ಟೈಪಿಂಗ್ ಕ್ಲಾಸು, ಅದಕ್ಕೂ ಮುಂಚೆ ಶಿವಾಜಿನಗರದಲ್ಲಿ ಕ್ಯಾಸೆಟ್ ವ್ಯಾಪಾರ. ಜನ ಏನು ಕೇಳುತ್ತಾರೋ ಅದನ್ನು ಇಡಬೇಕು, ಅಷ್ಟೇ. ನನ್ನ ಸ್ವಂತ ಇಂಗ್ಲಿಷು ಗಿರಾಕಿ ಮಾತಾಡಿಸುವಷ್ಟು ಮಾತ್ರ ಇತ್ತು. ಹಾಗಾಗಿ ರಿಚರ್ಡ್ಸ್ ಟೌನಿನ ಮಿಸ್ಸನ್ನು ಹುಡುಕಿದೆ.

ಮದುವೆಯಾದ ಹೊಸದರಲ್ಲಿ ಗಂಡನ ಓದಿಗೆಂದು ಅಮೆರಿಕದ ಒಂದು ಸಣ್ಣ ಊರಿನಲ್ಲಿ ಕೆಲವು ವರ್ಷ ಇದ್ದು ಬಂದವರು ಅವರು. ಆಗಲೇ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಸಂಬಳದ ವಿಷಯಕ್ಕೆ ನಾನು ಚೌಕಾಸಿ ಶುರು ಮಾಡಿದರೆ, "ನೀನು ಎಷ್ಟು ಕೊಟ್ರೂ ಬರ್ತೀನಪ್ಪಾ, ಮನೇಲಿ ಗೋಡೆ ಜೊತೆ ಎಷ್ಟು ಮಾತಾಡೋದು" ಅಂದುಬಿಟ್ಟರು. ಎದುರಿನವರು ಚೌಕಾಸಿಗೇ ನಿಲ್ಲದಿದ್ದರೆ ವ್ಯಾಪಾರಿಗೆ ಸಮಾಧಾನ ಇರುವುದಿಲ್ಲ. ಕೊನೆಗೆ ನಾನೇ ಸ್ವಲ್ಪ ಏರಿಸಿದೆ.

ಅವರ ಅಮೆರಿಕ ನಲವತ್ತು ವರ್ಷ ಹಳೆಯದು. ಬೆಳಿಗ್ಗೆ ಮೆಟ್ಟಿಲ ಮೇಲೆ ಹಾಲಿನ ಗಾಜಿನ ಬಾಟಲಿ, ಸಂಜೆ ತಗಡಿನ ತಟ್ಟೆಯಲ್ಲಿ ಬಿಸಿ ಮಾಡಿದ ಊಟವನ್ನು ತೊಡೆಯ ಮೇಲಿಟ್ಟುಕೊಂಡು ಕಪ್ಪು ಬಿಳುಪು ಟೀವಿ, ಬಯಲಿನಲ್ಲಿ ಕಾರು ನಿಲ್ಲಿಸಿ ಒಳಗೇ ಕೂತು ನೋಡುವ ಸಿನಿಮಾ. ದಿನಸಿ ಕೊಂಡರೆ ಅಂಗಡಿಯವನು ಸ್ಟಾಂಪಿನಂಥ ಚೀಟಿ ಕೊಡುತ್ತಿದ್ದನಂತೆ. ಅವನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಕೊಟ್ಟು ಇವರು ಒಂದು ಇಸ್ತ್ರಿ ಪೆಟ್ಟಿಗೆ ತಂದಿದ್ದರಂತೆ. ಅದೊಂದು ನನಗೆ ಬಹಳ ಹಿಡಿಸಿತ್ತು. ಎಲ್ಲ ಕಥೆಯಲ್ಲೂ ಎದುರುಮನೆಯಾಕೆ ಬರುತ್ತಿದ್ದಳು. ಹಿಮದ ಮೇಲೆ ಜಾರದೆ ನಡೆಯುವುದನ್ನು ಕಲಿಸಿದವಳು, ಮೊದಲ ಚಳಿಗಾಲಕ್ಕೆ ತನ್ನ ಕೋಟು ಕೊಟ್ಟವಳು, ಇವರು ಕ್ಲಾಸಿಗೆ ಡಬ್ಬಿಯಲ್ಲಿ ತರುತ್ತಿದ್ದ ಆ ಸೇಬಿನ ತಿಂಡಿ ಹೇಳಿಕೊಟ್ಟವಳು ಎಲ್ಲ ಅವಳೇ.

ಕಾಲ್ ಸೆಂಟರ್ ಕಂಪನಿಯವರು ನನ್ನನ್ನು ಕರೆದು, ನಿಮ್ಮ ಹುಡುಗರು ಅಜ್ಜಿಯರ ಹಾಗೆ ಮಾತಾಡುತ್ತಾರೆ ಅಂದರು. ನಾನು ಮಿಸ್ಸನ್ನು ಬಿಡಲಿಲ್ಲ, ಜಾಗ ಬದಲಿಸಿದೆ. ಪಕ್ಕದ ರೂಮಿನಲ್ಲಿ ಇಂಟರ್ಕಾಮ್ ಫೋನ್ ಕೊಟ್ಟು, ಪಾಠ ಬೇಡ, ನೀವು ಅಮೆರಿಕದ ಗಿರಾಕಿಯಾಗಿ ಅಂದೆ. ಹುಡುಗರು ಈ ಕಡೆಯಿಂದ ಕಾಲ್ ಮಾಡಬೇಕು. ಮಿಸ್ ಎದುರುಮನೆಯಾಕೆಯ ದನಿಯಲ್ಲೇ ರೇಗುತ್ತಿದ್ದರು, ಹರಟುತ್ತಿದ್ದರು, ಅರ್ಧಕ್ಕೇ ಫೋನ್ ಕುಕ್ಕುತ್ತಿದ್ದರು. ಮುಖ ಬಾಡಿಸಿಕೊಂಡು ಬಂದವರಿಗೆ, "ಅವಳು ನಿನ್ನನ್ನ ಬೈದಿಲ್ಲ ಕಣೋ, ಅಡುಗೆ ಒಲೆ ಮೇಲಿದೆ ಅವಳಿಗೆ. ನಗ್ತಾ ಮುಂದಿನ ನಂಬರ್ ಒತ್ತು" ಅನ್ನುತ್ತಿದ್ದರು. ಹುಡುಗರು ಫೋನ್ ನಂಬರು ಕೇಳಿದರೆ ಮಾತ್ರ ಪ್ರತಿ ಸಲವೂ ಒಂದೇ ನಂಬರು. ಇಡೀ ಕ್ಲಾಸಿಗೆ, ನನಗೂ, ಅದು ಬಾಯಿಪಾಠ ಆಗಿಹೋಗಿತ್ತು.

ರಾಯಚೂರು ಕಡೆಯ ಒಬ್ಬ ಹುಡುಗಿ ಇದ್ದಳು. ಜೋಗುಪಾಳ್ಯದಲ್ಲಿ ಒಂದು ರೂಮು, ಅಪ್ಪ ಗಾರೆ ಕೆಲಸ. ಕೆಲಸ ಸಿಕ್ಕ ಮೇಲೆ ಪೇಡಾ ತಂದುಕೊಟ್ಟು, "ಮಿಸ್, ನಮ್ಮ ಆಫೀಸಿನ್ಯಾಗ ನಿಮ್ಮ ನಂಬರಿನ ಕೋಡ್ ನೋಡಿದೆ. ಆ ಊರು ಖರೇನ ಐತ್ರಿ. ಈ ನಂಬರ್ ಯಾರ್ದ್ರಿ?" ಅಂತ ಕೇಳಿದಳು.

ಮಿಸ್ ಪೇಡಾವನ್ನು ಕೈಯಲ್ಲೇ ಹಿಡಿದುಕೊಂಡರು. "ಎದುರುಮನೆಯವಳದು" ಅಂದರು.

ಮಿಸ್ ಅಮೆರಿಕದಿಂದ ವಾಪಸು ಬಂದಮೇಲೆ ಇಬ್ಬರ ನಡುವೆ ಕಾಗದಗಳು ಓಡಾಡಿದ್ದವು. ಇವರು ಮನೆ ಬದಲಿಸಿದ ಗಡಿಬಿಡಿಯಲ್ಲಿ ನಿಂತುಹೋದವು. ಆಗ ಟ್ರಂಕ್ ಕಾಲ್ ಕೈಗೆಟುಕುತ್ತಿರಲಿಲ್ಲ. ಎಟುಕುವ ಹೊತ್ತಿಗೆ ಹೆದರಿಕೆ. ಬೇರೆ ಯಾರಾದರೂ ಎತ್ತಿಕೊಂಡು, ಅವಳು ಹೋಗಿ ಎಷ್ಟೋ ವರ್ಷವಾಯಿತು ಅಂದರೆ? ಆಮೇಲೆ ತಾನು ಈ ರೂಮಿನಲ್ಲಿ ಯಾರ ದನಿಯಲ್ಲಿ ಮಾತಾಡುವುದು?

ನನಗೆ ಇಂಥವು ಅರ್ಥವಾಗುವುದಿಲ್ಲ. ರೇಟು ಕೇಳದೆ ಅಂಗಡಿಯಿಂದ ಹೊರಗೆ ಬರುವವನಲ್ಲ ನಾನು. "ಒಂದ್ಸಲ ಕೇಳಿಬಿಡಿ ಮಿಸ್. ಇದ್ರೆ ಲಾಭ. ಇಲ್ದಿದ್ರೆ ಈಗ ಇರೋದು ಎಲ್ಲೂ ಹೋಗಲ್ಲ" ಅಂತ ವಾರಗಟ್ಟಲೆ ಬೆನ್ನು ಹತ್ತಿದೆ. ಒಂದು ಬೆಳಿಗ್ಗೆ ಕ್ಲಾಸಿಗೆ ಮುಂಚೆ, ಅಲ್ಲಿ ಸಂಜೆಯಾಗುವ ಹೊತ್ತಿಗೆ, ಒಪ್ಪಿದರು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಆ ಹುಡುಗಿಯೇ ನಂಬರ್ ಒತ್ತಿ, ಸ್ಪೀಕರ್ ಹಾಕಿದಳು. ಮಿಸ್ ಸೆರಗು ಸರಿ ಮಾಡಿಕೊಂಡರು. ಫೋನಿಗೆ ಯಾರಾದರೂ ಸೆರಗು ಸರಿ ಮಾಡಿಕೊಳ್ಳುತ್ತಾರೆಯೇ...

ಆ ಕಡೆ ರಿಂಗಾಯಿತು. ಒಬ್ಬ ಹೆಂಗಸು, ವಯಸ್ಸಾದ ದನಿ, "ಹಲೋ" ಅಂದಳು. ಮಿಸ್ ಫೋನಿನತ್ತ ಬಾಗಿದರು. ಮತ್ತೆ "ಹಲೋ?" ಅಂದಾಗ ಗಾಬರಿಯಲ್ಲಿ ಅವರ ಬಾಯಿಂದ ಬಂದದ್ದು, ನಮ್ಮ ಗೋಡೆಯ ಆಚೆ ದಿನವಿಡೀ ಹುಡುಗರಿಂದ ಕೇಳಿಸಿಕೊಂಡ, ಕಾಲ್ ಸೆಂಟರಿನವರ ಆ ಮೊದಲ ಸಾಲು: "ಗುಡ್ ಈವ್ನಿಂಗ್ ಮ್ಯಾಮ್, ಹೌ ಆರ್ ಯೂ ಡೂಯಿಂಗ್ ಟುಡೇ?"

"ಪ್ಲೀಸ್ ಡೋಂಟ್ ಕಾಲ್ ಹಿಯರ್ ಅಗೇನ್" ಅಂತು ಆ ದನಿ. ಸಿಟ್ಟಿರಲಿಲ್ಲ, ಸುಸ್ತಿತ್ತು. ಕಟ್ಟಾಯಿತು.

ಹುಡುಗಿ ಸ್ಪೀಕರ್ ಆರಿಸಿದಳು. "ಅವಳೇ" ಅಂದರು ಮಿಸ್.

"ಮತ್ತೊಮ್ಮಿ ಹಚ್ಚಲೇನ್ರಿ? ಈ ಸಲ ಹೆಸರು ಮೊದ್ಲ ಹೇಳ್ರಿ."

"ಬೇಡ ಕಣೇ. ಬೇಡ ಅಂದವರಿಗೆ ತಿರುಗಿ ಮಾಡಬಾರದು ಅಂತ ನಾನೇ ಅಲ್ವಾ ನಿಮಗೆ ಕಲಿಸಿದ್ದು" ಅಂದು ನಕ್ಕರು. "ಇದಾಳಲ್ಲ, ಸಾಕು. ನಾಳೆ ನೋಡೋಣ."

ನಾನು ಮರುದಿನ ಕೇಳಿದೆ. ನಾಳೆ ಅಂದರು. ಮುಂದಿನ ವಾರವೂ ನಾಳೆ. ಗಿರಾಕಿಯಾಗಿ ಕೂರುವುದನ್ನು ಬಿಡಲಿಲ್ಲ, ಆದರೆ ಆಮೇಲೆ ಅವರು ಯಾರ ಫೋನನ್ನೂ ಅರ್ಧಕ್ಕೆ ಇಡಲಿಲ್ಲ. ತಡವರಿಸುವವರಿಗೂ ಮುಗಿಸುವವರೆಗೆ ಕಿವಿ ಕೊಡುತ್ತಿದ್ದರು. ಹೀಗಾದರೆ ಹುಡುಗರು ಕಲಿಯುವುದೇನು ಅಂತ ನಾನು ಗೊಣಗಿದ್ದೂ ಉಂಟು. ಮುಂದೆ ಬಾಡಿಗೆ ಕಡಿಮೆಯೆಂದು ಕ್ಲಾಸನ್ನು ಕೆ.ಆರ್. ಪುರಕ್ಕೆ ಒಯ್ದೆ. ಅಷ್ಟು ದೂರ ಬರಲು ಅವರಿಗೆ ಆಗಲಿಲ್ಲ. ವ್ಯಾಪಾರ ಬೆಳೆಯಿತು, ಭೇಟಿ ಕಡಿಮೆಯಾಯಿತು...

ಅವರು ಹೋದ ಸುದ್ದಿ ಈ ವರ್ಷ ಆ ರಾಯಚೂರಿನ ಹುಡುಗಿಯಿಂದಲೇ ಸಿಕ್ಕಿತು. ಮಣ್ಣಿಗೆ ಹೋದವರು ಬೆರಳೆಣಿಕೆಯಷ್ಟು ಜನವಂತೆ. ಅಂದಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಈ ಸುದ್ದಿ ತಲುಪಬೇಕಾದ ಒಬ್ಬಳು ಆ ಊರಿನಲ್ಲಿ ಇನ್ನೂ ಇರಬಹುದು. ನಂಬರಿಗೆ ಹುಡುಕಾಡಬೇಕಿಲ್ಲ. ಮೊನ್ನೆ ಆ ಹೋಟೆಲಿನಿಂದ ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತು ಒತ್ತಿಯೂ ಒತ್ತಿದೆ, ರಿಂಗಾಗುವ ಮೊದಲೇ ನಿಲ್ಲಿಸಿದೆ. ಯಾವ ಗಿರಾಕಿಯ ಹತ್ತಿರ ಹೇಗೆ ಮಾತು ತೆಗೆಯಬೇಕೆಂದು ಊರಿಗೆಲ್ಲ ಹೇಳಿಕೊಟ್ಟವನು ನಾನು. ನನ್ನ ಈ ದನಿಯಲ್ಲಿ, ಆಕೆ ಇಟ್ಟುಬಿಡುವ ಮೊದಲು ಹೇಳಿ ಮುಗಿಸಬಹುದಾದ ಒಂದು ಸಾಲು ನನಗೆ ಇನ್ನೂ ಸಿಕ್ಕಿಲ್ಲ.