ಮೂರನೇ ಆಲ್ಬಮ್‌ನ ಬ್ಯಾಚ್ ಕಾರ್ಡ್

೧೯೮೮ರಲ್ಲಿ ನಾನು ಹಿಂದೂಪುರದ ಒಂದು ಗ್ರಾಮಫೋನ್ ರೆಕಾರ್ಡ್ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಇನ್‌ಚಾರ್ಜ್ ಆಗಿದ್ದೆ. ಊರ ಹೊರಗಿನ ಶೆಡ್ಡುಗಳ ಸಾಲಿನಲ್ಲಿ ನಮ್ಮದು ಕೊನೆಯದು. ನಾಲ್ಕು ಪ್ರೆಸ್‌ಗಳು, ಒಂದು ಬಾಯ್ಲರ್, ಸುಮಾರು ನಲವತ್ತು ಜನ ಕೆಲಸಗಾರರು. ಮಾಲೀಕರು ಶಿವಶಂಕರಪ್ಪನವರು. ಅವರ ಮನೆತನದ್ದು ಹುಣಸೆಹಣ್ಣಿನ ಮಂಡಿ. ಹುಣಸೆ ವ್ಯಾಪಾರ ಗೊತ್ತಿದ್ದಷ್ಟು ಅವರಿಗೆ ಸಂಗೀತ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಅವರು ಹೇಳಿಕೊಂಡದ್ದೂ ಇಲ್ಲ. ಬೊಂಬಾಯಿ, ಮದರಾಸಿನ ಕಂಪನಿಗಳು ಅಚ್ಚು ಕಳಿಸುತ್ತಿದ್ದವು, ನಾವು ರೆಕಾರ್ಡ್ ಒತ್ತಿ ಕೊಡುತ್ತಿದ್ದೆವು.

ರೆಕಾರ್ಡ್ ಹೇಗೆ ತಯಾರಾಗುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಾಡಿನ ಗೆರೆಗಳು ಉಬ್ಬಾಗಿ ಮೂಡಿರುವ ನಿಕ್ಕಲ್ ತಟ್ಟೆಗೆ ಸ್ಟ್ಯಾಂಪರ್ ಎನ್ನುತ್ತಾರೆ. ಪ್ರೆಸ್ಸಿನಲ್ಲಿ ಮೇಲೊಂದು, ಕೆಳಗೊಂದು ಸ್ಟ್ಯಾಂಪರ್ ಕೂರಿಸಿ, ನಡುವೆ ಬಿಸಿ ವಿನೈಲ್ ಮುದ್ದೆ ಇಟ್ಟು ಒತ್ತಬೇಕು. ಮೊದಲು ಹಬೆಯ ಕಾವು, ಆಮೇಲೆ ತಣ್ಣೀರು. ನಮ್ಮಲ್ಲಿ ಒಂದು ರೆಕಾರ್ಡಿಗೆ ಮೂವತ್ತು ಸೆಕೆಂಡು ಹಿಡಿಯುತ್ತಿತ್ತು. ಕಾವು ಸಾಲದಿದ್ದರೆ, ಅಥವಾ ಅವಸರ ಮಾಡಿದರೆ, ವಿನೈಲ್ ಗೆರೆಗಳ ಮೂಲೆಮೂಲೆಗೂ ತುಂಬಿಕೊಳ್ಳುವುದಿಲ್ಲ. ಇದಕ್ಕೆ ನಾನ್-ಫಿಲ್ ಎಂದು ಹೆಸರು. ನೋಡಲು ರೆಕಾರ್ಡ್ ಚೆನ್ನಾಗಿಯೇ ಇರುತ್ತದೆ. ಮುಳ್ಳು ಇಟ್ಟಾಗ ಮಾತ್ರ ಹಳೆಯ ಸೀರೆ ಹರಿದಂಥ ಸದ್ದು ಬರುತ್ತದೆ.

ಆ ಸದ್ದನ್ನು ಹಿಡಿಯುವುದಕ್ಕೆಂದೇ ನಮ್ಮಲ್ಲಿ ಲಿಸನಿಂಗ್ ರೂಮ್ ಇತ್ತು. ಅಲ್ಲಿ ಕೂತು ಕೇಳುವವಳು ರತ್ನಮ್ಮ. ಊರು ಕಲ್ಯಾಣದುರ್ಗ, ಮದುವೆಯಾಗಿ ಹಿಂದೂಪುರಕ್ಕೆ ಬಂದವಳು. ತವರಲ್ಲೂ ಮಗ್ಗ, ಗಂಡನ ಮನೆಯಲ್ಲೂ ಮಗ್ಗ. ಮೊದಲು ಪ್ಯಾಕಿಂಗಿಗೆ ಸೇರಿದ್ದಳು. ಒಂದು ದಿನ ಪಕ್ಕದ ಕೋಣೆಯಲ್ಲಿ ನಾನು ರೆಕಾರ್ಡ್ ಪರೀಕ್ಷಿಸುತ್ತಿದ್ದಾಗ ಬಾಗಿಲಲ್ಲಿ ನಿಂತು, "ಸಾರ್, ಅದು ಒಂದು ಸುತ್ತಿಗೊಂದ್ಸಲ ಕುಂಟ್ತದೆ" ಎಂದಳು. ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಅಳತೆ ಮಾಡಿ ನೋಡಿದರೆ ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಮಾರನೆಯ ವಾರವೇ ಅವಳನ್ನು ಕೇಳುವ ಕೆಲಸಕ್ಕೆ ಹಾಕಿಕೊಂಡೆ.

ಪ್ರತಿ ಬ್ಯಾಚಿಗೂ ಒಂದು ಕಾರ್ಡ್ ಇರುತ್ತಿತ್ತು. ಐವತ್ತಕ್ಕೊಂದರಂತೆ ರೆಕಾರ್ಡ್ ಕೇಳಿ, ಸರಿಯಿದ್ದರೆ ಅವಳು ತನ್ನ ಹೆಸರಿನ ಮೊದಲಕ್ಷರ ಹಾಕಬೇಕು, ಅದರ ಆಧಾರದ ಮೇಲೆ ಪಕ್ಕದಲ್ಲಿ ನನ್ನ ಸಹಿ. ತಪ್ಪಿದ್ದರೆ ಕೆಂಪು ಚೀಟಿ ಕಟ್ಟಿ ಪ್ರೆಸ್ ನಿಲ್ಲಿಸಬೇಕು. ಆ ಭಾಗದ ಬಹಳ ಜನರಂತೆ ಅವಳದು ಮನೆಮಾತು ಕನ್ನಡ, ಕಲಿತದ್ದು ತೆಲುಗು ಶಾಲೆಯಲ್ಲಿ.

೧೯೮೩ರಲ್ಲಿ ಬೊಂಬಾಯಿಯ ಒಂದು ಕಂಪನಿ ವಿದೇಶದ ಹೆವಿ ಮೆಟಲ್ ಬ್ಯಾಂಡೊಂದರ ಮೂರು ಆಲ್ಬಮ್‌ಗಳನ್ನು ಲೈಸೆನ್ಸ್ ಪಡೆದು ನಮ್ಮಲ್ಲಿ ಒತ್ತಿಸಿತ್ತು. ಕವರಿನ ಮೇಲೆ ಉರಿಯುವ ಗೋಪುರಗಳು, ಕೋರೆಹಲ್ಲಿನ ಕುದುರೆಗಳು. ಪ್ಯಾಕಿಂಗಿನ ಹೆಂಗಸರು ಅವನ್ನು ಮಗುಚಿ ಜೋಡಿಸುತ್ತಿದ್ದರು. ರತ್ನಮ್ಮನಿಗೆ ಮೊದಮೊದಲು ತಲೆನೋವು ಬಂತು. ತಿಂಗಳೊಪ್ಪತ್ತಿನಲ್ಲಿ ಅವಳು ಆ ಹಾಡುಗಳಿಗೆ ತನ್ನದೇ ಹೆಸರಿಟ್ಟುಕೊಂಡಿದ್ದಳು. ಒಂದು ಮಗ್ಗದ ಹಾಡು, ಒಂದು ರೈಲಿನ ಹಾಡು, ಇನ್ನೊಂದು ಅಳೋ ಹಾಡು. ಅಳೋ ಹಾಡು ಮೂರನೇ ಆಲ್ಬಮ್‌ನ ಎರಡನೇ ಬದಿಯಲ್ಲಿತ್ತು. ಗಿಟಾರ್ ಒಂದೇ ಮೆಲ್ಲಗೆ ನುಡಿಯುತ್ತ ಹೋಗಿ, ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಮುರಿದುಕೊಂಡು ಬೀಳುತ್ತಿದ್ದವು. "ಇವ್ನು ಕಿರುಚೋದೇನು ಸಿಟ್ಟಿಗಲ್ಲ ಸಾರ್, ಯಾರನ್ನೋ ಕಳಕೊಂಡವ್ನೆ" ಎಂದು ಒಮ್ಮೆ ಹೇಳಿದಳು. ನನಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಐದು ವರ್ಷ ಆ ಸಂಗೀತವನ್ನು ನಾನು ಬರೀ ಸದ್ದೆಂದೇ ತಿಳಿದಿದ್ದೆ.

೧೯೮೮ರ ಹೊತ್ತಿಗೆ ಕ್ಯಾಸೆಟ್ ಬಂದು ನಮ್ಮ ಉದ್ಯೋಗವನ್ನು ಮುಕ್ಕಾಲು ಪಾಲು ತಿಂದುಹಾಕಿತ್ತು. ನಾಲ್ಕು ಪ್ರೆಸ್‌ಗಳಲ್ಲಿ ಎರಡು ಮಾತ್ರ ನಡೆಯುತ್ತಿದ್ದವು. ಆಗ ಬೊಂಬಾಯಿಯಿಂದ ಕಾಗದ ಬಂತು. ಆ ಮೂರೂ ಆಲ್ಬಮ್‌ಗಳನ್ನು ಮತ್ತೆ ವಿನೈಲ್‌ನಲ್ಲಿ ಹೊರಡಿಸುತ್ತಾರೆ, ಕ್ಯಾಸೆಟ್ಟಿನಲ್ಲಿ ಕೇಳಿ ತೃಪ್ತಿಯಾಗದ ಕಾಲೇಜು ಹುಡುಗರು ದೊಡ್ಡ ಊರುಗಳಲ್ಲಿ ಕೇಳುತ್ತಿದ್ದಾರೆ, ಜೂನ್‌ನಲ್ಲಿ ಕಾಲೇಜು ತೆರೆಯುವ ಮುಂಚೆ ಮಾಲು ಅಂಗಡಿ ಸೇರಬೇಕು. ಈ ಕೆಲಸ ಚೆನ್ನಾಗಿ ಬಂದರೆ ತಮ್ಮ ಬೇರೆ ರೆಕಾರ್ಡುಗಳನ್ನೂ ನಮಗೇ ಕೊಡುವುದಾಗಿ ಬರೆದಿದ್ದರು. ಕಾಗದವನ್ನು ಓದಿ ಹೇಳಿದಾಗ ಶಿವಶಂಕರಪ್ಪನವರು ಪ್ರೆಸ್ಸುಗಳಿಗೆ ಹೂವು ಹಾಕಿಸಿ ಎಲ್ಲರಿಗೂ ಸಿಹಿ ಹಂಚಿದರು.

ಮೊದಲೆರಡು ಆಲ್ಬಮ್ ಚೆನ್ನಾಗಿ ಬಂದವು. ಮೂರನೆಯದನ್ನು ಶುರುಮಾಡಿದಾಗ ಮೇ ತಿಂಗಳು ಅರ್ಧ ಕಳೆದಿತ್ತು. ಹೊಸ ವಿನೈಲ್ ಸರಬರಾಜು ತಡವಾಯಿತು. ಗೋದಾಮಿನಲ್ಲಿ ಮಾರಾಟವಾಗದೆ ವಾಪಸಾದ ಭಜನೆಯ, ನಾಟಕದ ರೆಕಾರ್ಡುಗಳು ರಾಶಿ ಬಿದ್ದಿದ್ದವು. ಅವುಗಳ ನಡುವಿನ ಲೇಬಲ್ ಕತ್ತರಿಸಿ ತೆಗೆದು, ಪುಡಿ ಮಾಡಿ, ಹೊಸ ವಿನೈಲಿಗೆ ಬೆರೆಸಲು ಮಾಲೀಕರು ಹೇಳಿದರು. ಸ್ವಲ್ಪ ಬೆರೆಸುವುದು ಎಲ್ಲ ಕಡೆಯೂ ಉಂಟು. ಆದರೆ ಅರ್ಧಕ್ಕರ್ಧ ಬೆರೆಸಿದರು. ಸಾಲದ್ದಕ್ಕೆ ಮೂವತ್ತು ಸೆಕೆಂಡನ್ನು ಇಪ್ಪತ್ತೆರಡಕ್ಕೆ ಇಳಿಸಿದರು. ನಾನು ಬೇಡವೆಂದೆ. ಒಂದೇ ಸಲ, ಅದೂ ಮೆಲುದನಿಯಲ್ಲಿ.

ಮೊದಲ ದಿನವೇ, ಮಧ್ಯಾಹ್ನದ ಊಟಕ್ಕೆ ಮುಂಚೆ, ರತ್ನಮ್ಮ ಕೆಂಪು ಚೀಟಿ ಕಟ್ಟಿದಳು. ನಾನು ಹೋಗಿ ಕೇಳಿದೆ. ಅಳೋ ಹಾಡು. ಗಿಟಾರಿನ ಹಿಂದೆ ಒಂದು ಕರಕರ. ಆ ಬ್ಯಾಂಡಿನ ಗಿಟಾರೇ ಹಾಗೆ ಕರಕರ ಎನ್ನುತ್ತಿದ್ದುದರಿಂದ ನನಗೆ ಖಾತ್ರಿಯಾಗಲಿಲ್ಲ.

"ಇದು ಅವರ ವಾದ್ಯದ ಸದ್ದೇ ಇರಬಹುದಲ್ಲ ರತ್ನಮ್ಮ?"

"ಅಲ್ಲ ಸಾರ್. ಅವ್ನ ಗಿಟಾರು ಹರಿಯಾಕಿಲ್ಲ, ಉರೀತದೆ. ಇದು ಹರೀತೈತೆ. ಇದು ನಮ್ಮ ಪ್ರೆಸ್ಸು."

ಅಷ್ಟು ಹೇಳಿ, ಬೀರುವಿನಿಂದ ೧೯೮೩ರ ಮಾದರಿ ಪ್ರತಿಯನ್ನು ತೆಗೆದು ಹಾಕಿದಳು. ಆಮೇಲೆ ಹೊಸದನ್ನು. ಮತ್ತೆ ಹಳೆಯದನ್ನು. ಮೂರನೇ ಸಲಕ್ಕೆ ನನಗೂ ಸ್ಪಷ್ಟವಾಗಿ ಕೇಳಿಸಿತು. ಹಳೆಯದರಲ್ಲಿ ಗಿಟಾರಿನ ಹಿಂದೆ ಮೌನವಿತ್ತು. ಹೊಸದರಲ್ಲಿ ಯಾರೋ ಒಂದೇ ಸಮನೆ ಬಟ್ಟೆ ಹರಿಯುತ್ತಿದ್ದರು.

ಪ್ರೆಸ್ ನಿಂತದ್ದು ತಿಳಿದು ಶಿವಶಂಕರಪ್ಪನವರು ಬಂದರು. ಅವರಿಗೂ ಎರಡನ್ನೂ ಹಾಕಿ ಕೇಳಿಸಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರೇನು ಕೆಟ್ಟ ಮನುಷ್ಯರಲ್ಲ. ವ್ಯತ್ಯಾಸ ಅವರಿಗೂ ಗೊತ್ತಾಯಿತೆಂದೇ ನಾನು ಇಂದಿಗೂ ನಂಬಿದ್ದೇನೆ.

"ಈ ಗಲಾಟೇಲಿ ಇದ್ಯಾರಿಗೆ ಕೇಳಿಸ್ತದೆ ಕಣಮ್ಮ? ಪರ್ವಾಲೇದು, ಬುಡು" ಎಂದರು.

"ಕೊಂಡ್ಕೊಂಡೋರ್ಗೆ ಕೇಳಿಸ್ತದೆ ಧಣಿ. ಅವ್ರು ಇದ್ನ ಕೇಳಕ್ಕೆ ಅಂತಾನೇ ತಗಳ್ಳೋದು."

ಅವರು ನನ್ನ ಕಡೆ ತಿರುಗಿದರು. "ಸ್ವಾಮಿ, ಈಗ ನಿಲ್ಸಿದ್ರೆ ಜೂನ್‌ಗೆ ಮಾಲು ಹೋಗಾಕಿಲ್ಲ. ಮಾಲು ಹೋಗ್ನಿಲ್ಲ ಅಂದ್ರೆ ಶೆಡ್ಡಿಗೆ ಬೀಗ. ನಲ್ವತ್ತು ಮನೆ ಐತೆ ಇಲ್ಲಿ. ನೀವು ಓದಿದೋರು, ನೀವೇ ಯೋಚ್ನೆ ಮಾಡಿ."

ನಾನು ಯೋಚನೆ ಮಾಡಿದೆ. ನನಗೆ ನಲವತ್ತೊಂಬತ್ತು ವರ್ಷವಾಗಿತ್ತು. ದೇಶದಲ್ಲಿ ರೆಕಾರ್ಡ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ. ಆ ನಲವತ್ತು ಮನೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಮನೆ. ಕೆಂಪು ಚೀಟಿ ಬಿಚ್ಚಿಸಿದೆ. ಕಾರ್ಡಿನಲ್ಲಿ ಸಹಿ ಹಾಕಿದೆ. ರತ್ನಮ್ಮ ಮಾತ್ರ ತನ್ನ ಅಕ್ಷರ ಹಾಕಲಿಲ್ಲ. "ನಾನು ಕೇಳಿದ್ದು ಕೇಳ್ದಂಗೆ ಬರೀತೀನಿ ಸಾರ್, ಇಲ್ಲಾಂದ್ರೆ ಬರಿಯಾಕಿಲ್ಲ" ಎಂದು ಊಟದ ಡಬ್ಬಿ ತೆಗೆದುಕೊಂಡು ಹೊರಗೆ ಹೋದಳು.

ಕಾರ್ಡಿನಲ್ಲಿ ಅವಳ ಅಕ್ಷರದ ಜಾಗ ಖಾಲಿಯಿದ್ದರೆ ಮಾಲು ಗೇಟು ದಾಟುವಂತಿರಲಿಲ್ಲ. ಅವತ್ತು ಸಂಜೆ ನಾನೇ ಆ ಖಾಲಿ ಜಾಗದಲ್ಲಿ ಒಂದು 'ರ' ಬರೆದೆ. ಮಾರನೆಯ ದಿನದ ಕಾರ್ಡಿನಲ್ಲೂ ಬರೆದೆ. ಆ ಆಲ್ಬಮ್‌ನ ಹನ್ನೊಂದು ಕಾರ್ಡುಗಳಲ್ಲಿಯೂ ಬರೆದೆ. ಇದು ಬರೀ ಶಾಸ್ತ್ರಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಜುಲೈ ಕೊನೆಗೆ ಅಂಗಡಿಗಳಿಂದ ರೆಕಾರ್ಡುಗಳು ವಾಪಸಾಗತೊಡಗಿದವು. ಆಗಸ್ಟ್‌ನಲ್ಲಿ ಬೊಂಬಾಯಿ ಕಂಪನಿಯ ಪ್ರತಿನಿಧಿ ಬಂದರು. ಮೃದುವಾಗಿ ಮಾತಾಡುವ ವಯಸ್ಸಾದ ಮನುಷ್ಯ. ಕನ್ನಡ, ತೆಲುಗು ಎರಡೂ ಬಾರದು. ಮಾಲೀಕರ ಕೋಣೆಯಲ್ಲಿ ಕೂತು ಬ್ಯಾಚ್ ಕಾರ್ಡುಗಳನ್ನು ತರಿಸಿಕೊಂಡರು. ಕೇಳಿ ಪಾಸ್ ಮಾಡಿದವರು ಯಾರು ಎಂದರು. ಶಿವಶಂಕರಪ್ಪನವರು ರತ್ನಮ್ಮನನ್ನು ಕರೆಸಿದರು. ಅವಳ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವ ಕೆಲಸ ನನ್ನದಾಯಿತು.

ಇಂಥ ತಪ್ಪು ಹೇಗೆ ಕಣ್ತಪ್ಪಿತು ಎಂದು ಅವರು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಅವಳಿಗೆ ಹೇಳಿದೆ. ರತ್ನಮ್ಮ ಮೇಜಿನ ಮೇಲಿನ ಕಾರ್ಡನ್ನು ಎತ್ತಿಕೊಂಡು ನೋಡಿದಳು. ಬಹಳ ಹೊತ್ತು ನೋಡಲಿಲ್ಲ.

"ನಾನು ಬರಿಯೋದು ತೆಲುಗು ರ ಸಾರ್. ತಲೆ ಮೇಲೆ ಕೊಕ್ಕು ಇರ್ತದೆ. ಇದು ಕನ್ನಡದ್ದು. ಈ ಫ್ಯಾಕ್ಟರೀಲಿ ಕನ್ನಡದಾಗೆ ಬರಿಯೋರು ನೀವೊಬ್ರೇ. ಅವತ್ತು ನಾನು ಕೆಂಪು ಚೀಟಿ ಕಟ್ಟಿದ್ದೆ, ಹಳೇದು ಹೊಸಾದು ಎರಡೂ ಹಾಕಿ ಕೇಳ್ಸಿದ್ದೆ. ಧಣಿಗಳೂ ಕೇಳವ್ರೆ, ನೀವೂ ಕೇಳಿದ್ದೀರ. ಅದ್ನ ಅವರ್ಗೆ ಹೇಳಿ."

ಆ ಎರಡು ಅಕ್ಷರಗಳ ವ್ಯತ್ಯಾಸ ಆ ಕೋಣೆಯಲ್ಲಿ ಮೂವರಿಗೆ ಕಾಣುತ್ತಿತ್ತು, ಕಾಣಬೇಕಾದ ಒಬ್ಬರಿಗೆ ಕಾಣುತ್ತಿರಲಿಲ್ಲ. ಶಿವಶಂಕರಪ್ಪನವರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಪ್ರತಿನಿಧಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಸದ್ದು ಜೋರಾಗಿದ್ದ ಸಂಗೀತವಾದ್ದರಿಂದ ತನ್ನ ಗಮನಕ್ಕೆ ಬರಲಿಲ್ಲ ಎನ್ನುತ್ತಾಳೆ.

ಅವರು ತಲೆಯಾಡಿಸಿ ಬರೆದುಕೊಂಡರು. ರತ್ನಮ್ಮ ನನ್ನನ್ನೇ ನೋಡುತ್ತಿದ್ದಳು.

"ನಾನು ಅಷ್ಟುದ್ದ ಹೇಳ್ದೆ. ನೀವು ಇಷ್ಟೇ ಹೇಳಿದ್ರಲ್ಲ ಸಾರ್" ಎಂದಳು.

ನಾನು ಕಾರ್ಡುಗಳನ್ನು ಜೋಡಿಸತೊಡಗಿದೆ. ಪ್ರತಿನಿಧಿ ಇನ್ನೇನಾದರೂ ಹೇಳುತ್ತಾಳೆಯೇ ಎಂದು ಕೇಳಿದರು. ಇಲ್ಲವೆಂದೆ.

ಮಾರನೆಯ ದಿನ ಅವಳನ್ನು ಕೆಲಸದಿಂದ ತೆಗೆದರು. ಅಜಾಗ್ರತೆಯೆಂದು ಕಾರಣ ಬರೆದ ಕಾಗದವನ್ನು ಟೈಪ್ ಮಾಡಿಸಿ ಅವಳ ಕೈಗೆ ಕೊಟ್ಟವನು ನಾನೇ. ಜಗಳವಾಡುತ್ತಾಳೆಂದು ಹೆದರಿದ್ದೆ. ಅವಳು ಕಾಗದವನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ಲಿಸನಿಂಗ್ ರೂಮಿನ ಫ್ಯಾನ್ ಆರಿಸಿ, ಬಾಗಿಲು ಎಳೆದುಕೊಂಡು ಹೋದಳು. ಪ್ಯಾಕಿಂಗಿನ ಹೆಂಗಸರಿಗೆ ನಡೆದದ್ದೆಲ್ಲ ಗೊತ್ತಿತ್ತು. ಅಂದಿನಿಂದ ಅವರು ನನಗೆ ಬೇಕಾದಷ್ಟೇ ಉತ್ತರ ಕೊಡುತ್ತಿದ್ದರು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ನಾನೇ ಕೂತು ಕೇಳುತ್ತಿದ್ದೆ. ಎಷ್ಟು ಕೇಳಿದರೂ ಖಾತ್ರಿಯಾಗುತ್ತಿರಲಿಲ್ಲ.

ಬೊಂಬಾಯಿ ಕಂಪನಿ ಮತ್ತೆ ಕೆಲಸ ಕೊಡಲಿಲ್ಲ. ೧೯೯೦ರಲ್ಲಿ ಶೆಡ್ಡಿಗೆ ಬೀಗ ಬಿತ್ತು. ಯಾವುದನ್ನು ಉಳಿಸುತ್ತೇನೆಂದು ಹೇಳಿಕೊಂಡು ಸುಳ್ಳಾಡಿದ್ದೆನೋ ಅದು ಎರಡು ವರ್ಷವೂ ಉಳಿಯಲಿಲ್ಲ. ಪ್ರೆಸ್ಸುಗಳು ಗುಜರಿಗೆ ಹೋದವು. ಶಿವಶಂಕರಪ್ಪನವರು ಮಂಡಿಗೆ ಹಿಂತಿರುಗಿದರು. ನಾನು ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಬಕೆಟ್ ತಯಾರಿಸುವ ಕಡೆ ಸೇರಿಕೊಂಡೆ.

೧೯೯೧ರಲ್ಲಿ, ಒಂದು ಶನಿವಾರ, ಪಾವಗಡದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆ. ರತ್ನಮ್ಮ ಗಂಡನೊಡನೆ ತವರಿಗೇ ಬಂದು ಅಣ್ಣನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಿದ್ದಾಳೆಂದು ತಿಳಿದಿತ್ತು. ಗಿರಣಿ ನಡೆಯುತ್ತಿತ್ತು. ಏಳೆಂಟು ಹೆಂಗಸರು ಜೋಳ, ರಾಗಿಯ ಡಬ್ಬಿಗಳನ್ನಿಟ್ಟುಕೊಂಡು ಸರದಿಯಲ್ಲಿ ಕೂತಿದ್ದರು. ರತ್ನಮ್ಮನ ಹುಬ್ಬು, ಕೂದಲೆಲ್ಲ ಹಿಟ್ಟು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ನಾನು ಏನೋ ಹೇಳಿದೆ. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಹೊರಗೆ ಬಾ ಎಂದು ಸನ್ನೆ ಮಾಡಿದೆ. ಅವಳು ಹೊರಗೆ ಬರುವ ಬದಲು ಕೈ ಚಾಚಿ ಮೋಟಾರ್ ಆರಿಸಿದಳು. ಗಿರಣಿಯ ಬೆಲ್ಟು ನಿಧಾನವಾಗುತ್ತ ನಿಂತಿತು. ಸರದಿಯವರೆಲ್ಲ ನನ್ನ ಕಡೆ ತಿರುಗಿದರು.

"ಹೇಳಿ ಸಾರ್."

ಅಷ್ಟು ಜನರ ಎದುರಿಗೆ ಹೇಳಿದೆ. ಅಕ್ಷರ ಬರೆದವನು ನಾನು, ಪ್ರತಿನಿಧಿಗೆ ಸುಳ್ಳು ಹೇಳಿದವನು ನಾನು, ತಪ್ಪಾಯಿತು ಎಂದೆ.

"ನಂಗೆ ಗೊತ್ತಿರೋದ್ನ ನಂಗೇ ಹೇಳಕ್ಕೆ ಇಷ್ಟು ದೂರ ಬಂದ್ರಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಬೊಂಬಾಯಿಯೋರಿಗೆ ಹೇಳಿದ್ರಾ ಸಾರ್?"

"ಇಲ್ಲ. ಬರೀತೀನಿ ರತ್ನಮ್ಮ."

"ಬರೀರಿ" ಎಂದು, ಮುಂದಿನವರ ಡಬ್ಬಿಗೆ ಕೈ ಚಾಚಿ, ಮೋಟಾರ್ ಹಾಕಿದಳು.

ಬರೆದೆ. ಕಂಪನಿ ಆ ವಿಳಾಸದಲ್ಲಿಲ್ಲವೆಂದು ಕಾಗದ ಹಿಂತಿರುಗಿತು. ಆ ಪ್ರತಿನಿಧಿಯ ಹೆಸರು ಕೂಡ ನನಗೆ ನೆನಪಿರಲಿಲ್ಲ.

ಇಪ್ಪತ್ತಾರು ವರ್ಷ ಗುಣಮಟ್ಟ ಪರೀಕ್ಷಿಸುವ ಕೆಲಸ ಮಾಡಿದೆ. ತಪ್ಪನ್ನು ಕಂಡುಹಿಡಿಯುವುದೇ ಈ ಕೆಲಸದ ಕಷ್ಟವೆಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ. ಅದು ನಿಜವಲ್ಲ. ಕಂಡದ್ದನ್ನು, ಕೇಳಿದ್ದನ್ನು, ಅದರಿಂದ ಏನಾದರೂ ಬದಲಾಗಬಹುದಾದ ದಿನದಂದು, ಬದಲಾಯಿಸಬಲ್ಲ ಮನುಷ್ಯನಿಗೆ ಹೇಳುವುದೇ ಕಷ್ಟ. ನಾನು ಸತ್ಯವನ್ನು ಹೇಳಿದೆ, ಆದರೆ ಮೂರು ವರ್ಷ ತಡವಾಗಿ, ಅದು ಮೊದಲೇ ಗೊತ್ತಿದ್ದ ಒಬ್ಬಳಿಗೆ. ಅಷ್ಟು ತಡವಾಗಿ ಹೇಳಿದ ಸತ್ಯದಿಂದ ಹಗುರಾಗುವುದು ಹೇಳಿದವನ ಮನಸ್ಸೊಂದೇ ಎನ್ನುತ್ತಾರೆ. ನನಗೆ ಅದೂ ಆಗಲಿಲ್ಲ.